ಸೈಕಲ್ ಸಂಚಾರ: ಕಾಲುವೆ ದಂಡೆ, ಗುಡ್ಡದ ಏರು, ಜಾಲಿ ಮುಳ್ಳು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ಸಂಡೂರು ಗುಡ್ಡಗಳ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮುನಿರಾಬಾದಿನಿಂದ ಸಿಂಧನೂರಿನವರೆಗೆ ಕಾಲುವೆ ಗುಂಟ ಸೈಕಲ್ ಮೇಲೆ ಹೋಗಬೇಕೆಂದಿದ್ದೇವೆ. ನಾಲ್ಕು ಜನ, ಮೂರು ದಿನ ರಜೆ. ಯಾವ ತಿಂಗಳು ಚಲೋ? ದಂಡೆ ರಸ್ತೆ ಉದ್ದಕ್ಕೂ ಸಿಗುತ್ತದೆಯೇ?
– ಶಿಕ್ಷಕರೊಬ್ಬರು, ಕುಷ್ಟಗಿ

ಉತ್ತರ: ನಕ್ಷೆ ಬಿಚ್ಚುವ ಮೊದಲು ನೀರಿನ ಲೆಕ್ಕ ನೋಡಿ. ಈ ದಂಡೆ ಸೈಕಲ್ಲಿಗಾಗಿ ಕಟ್ಟಿದ್ದಲ್ಲ. ಕಾಲುವೆ ಕಾಯುವ ಗ್ಯಾಂಗ್‌ಮನ್‌ಗಳು, ಎಂಜಿನಿಯರರ ಜೀಪು, ಹೊಲಕ್ಕೆ ಹೋಗುವ ಟ್ರ್ಯಾಕ್ಟರು, ಇವರ ಹಾದಿ ಅದು. ಅವರ ಕೆಲಸ ಯಾವಾಗ ಜೋರು, ಯಾವಾಗ ಸಡಿಲ ಎಂಬುದರ ಮೇಲೆ ನಿಮ್ಮ ಮೂರು ದಿನ ನಿಂತಿದೆ.

ಜಲಾಶಯಕ್ಕೆ ಒಳಹರಿವು ಬಂದ ಮೇಲೆ, ಸಾಮಾನ್ಯವಾಗಿ ಜುಲೈನಲ್ಲಿ, ಮುಂಗಾರು ಬೆಳೆಗೆ ನೀರು ಬಿಡುತ್ತಾರೆ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಕ್ಯೂಸೆಕ್ ಎಂಬುದನ್ನು ನೀರಾವರಿ ಸಲಹಾ ಸಮಿತಿ ಸಭೆ ತೀರ್ಮಾನಿಸುತ್ತದೆ. ಮರುದಿನದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಅದು ಬಂದೇ ಬರುತ್ತದೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ ನೀರು ಹೊರಬಿಡುವ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಅಂಥದ್ದು ನಡೆದರೆ ನೀರಿನ ಲೆಕ್ಕವೇ ಬದಲಾಗುತ್ತದೆ. ಹಾಗಾಗಿ ಹೋದ ವರ್ಷ ಹೀಗಿತ್ತು, ಈ ವರ್ಷವೂ ಹೀಗೇ ಎಂದು ಲೆಕ್ಕ ಹಾಕುವಂತಿಲ್ಲ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೋಟ ಚೆಂದ, ಹಾದಿ ಕೆಟ್ಟದ್ದು. ಮಳೆ ಬಿದ್ದ ಎರೆ ಮಣ್ಣು ಗಾಲಿಗೆ ಅಂಟಿ, ಫೋರ್ಕಿನ ಸಂದಿಯಲ್ಲಿ ಒತ್ತಿ, ಗಾಲಿ ತಿರುಗದ ಹಾಗೆ ಮಾಡುತ್ತದೆ. ನವೆಂಬರ್, ಡಿಸೆಂಬರ್ ಮೊದಲ ಭಾಗದಲ್ಲಿ ಭತ್ತದ ಕೊಯ್ಲು: ದಂಡೆ ಮೇಲೆ ಕೊಯ್ಲು ಯಂತ್ರ, ಡಾಂಬರು ರಸ್ತೆಯ ಅರ್ಧಕ್ಕೆ ಒಣಹಾಕಿದ ಭತ್ತ, ಅದರ ಅಂಚಿಗೆ ಕಲ್ಲಿನ ಸಾಲು. ಏಪ್ರಿಲ್‌ನಿಂದ ಜೂನ್‌ವರೆಗೆ ಕಾಲುವೆ ಖಾಲಿ, ದುರಸ್ತಿ ಕೆಲಸದ ಟಿಪ್ಪರುಗಳು, ಮೇಲೆ ಬಿಸಿಲು. ಉಳಿಯುವುದು ಜನವರಿ ಎರಡನೇ ವಾರದಿಂದ ಫೆಬ್ರುವರಿ ಕೊನೆ. ಮಣ್ಣು ಗಟ್ಟಿಯಾಗಿರುತ್ತದೆ, ಬೆಳಗಿನ ಹೊತ್ತು ತಂಪು. ಎರಡನೇ ಬೆಳೆಗೆ ನೀರು ಬಿಟ್ಟಿದ್ದರೆ ಕಾಲುವೆಯೂ ತುಂಬಿರುತ್ತದೆ. ಆಗ ಒಂದೇ ಕಿರಿಕಿರಿ: ಗದ್ದೆಯಿಂದ ಎದ್ದುಬಂದ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಯಿಂದ ಹಾದಿಗೆ ಬೀಳುವ ಹಸಿ ಕೆಸರಿನ ಹೆಂಟೆ. ಹಸಿಯಿದ್ದಾಗ ಅದು ಜಾರುತ್ತದೆ, ಒಣಗಿದ ಮೇಲೆ ಕಲ್ಲಿನಂತೆ ಬಡಿಯುತ್ತದೆ. ಅದರ ಪಕ್ಕಕ್ಕೆ ಹೋಗಿ, ಮೇಲೆ ಹತ್ತಿಸಬೇಡಿ.

ಗಾಳಿಯ ಮಾತು. ಕಾಲುವೆ ಒಟ್ಟಾರೆ ಪಶ್ಚಿಮದಿಂದ ಪೂರ್ವ–ಈಶಾನ್ಯಕ್ಕೆ ಹರಿಯುತ್ತದೆ. ಮುಂಗಾರಿನ ಗಾಳಿ ಬೆನ್ನಿಗೆ ಬರುತ್ತದೆ, ಚಳಿಗಾಲದ ಮೂಡಗಾಳಿ ಮುಖಕ್ಕೆ ಹೊಡೆಯುತ್ತದೆ. ಜನವರಿಯಲ್ಲಿ ಹೋಗುವುದಾದರೆ ಸಿಂಧನೂರಿನಿಂದ ಶುರುಮಾಡಿ ಮುನಿರಾಬಾದಿನಲ್ಲಿ ಮುಗಿಸುವುದೇ ಜಾಣತನ. ಕಾಲುವೆಯ ಇಳಿಜಾರು ಕಾಲಿಗೆ ತಿಳಿಯದಷ್ಟು ಕಡಿಮೆ. ಹರಿವಿಗೆ ಎದುರಾಗಿ ಹೋದರೆ ದಣಿವು ಹೆಚ್ಚೇನೂ ಇಲ್ಲ. ಎದುರುಗಾಳಿ ಮಾತ್ರ ಮೂರು ತಾಸಿನ ದಾರಿಯನ್ನು ಐದು ತಾಸು ಮಾಡುತ್ತದೆ. ಇನ್ನೊಂದು ಲಾಭ: ನೋಡುವಂಥ ಗುಡ್ಡಗಳೆಲ್ಲ ಕೊನೆಯ ದಿನಕ್ಕೆ ಉಳಿಯುತ್ತವೆ.

ಹಂಚಿಕೆ ಹೀಗಿರಲಿ. ಮೊದಲ ದಿನ ಸಿಂಧನೂರಿನಿಂದ ಕಾರಟಗಿ, ರಸ್ತೆಯಲ್ಲಿ ಸುಮಾರು 28 ಕಿ.ಮೀ. ಇದನ್ನು ಸಾಮಾನಿನ ಪರೀಕ್ಷೆ ಎಂದುಕೊಳ್ಳಿ. ಸಡಿಲಾಗುವ ನಟ್ಟುಗಳೆಲ್ಲ ಇವತ್ತೇ ಸಡಿಲಾಗಲಿ. ಎರಡನೇ ದಿನ ಸಿದ್ದಾಪುರ, ಶ್ರೀರಾಮನಗರ, ಗಂಗಾವತಿ ದಾಟಿ ಆನೆಗೊಂದಿ, ಸುಮಾರು 45. ಮೂರನೇ ದಿನ ಹನುಮನಹಳ್ಳಿ, ಸಾಣಾಪುರ, ಬಂಡಿ ಹರ್ಲಾಪುರ, ಶಿವಪುರ, ಹುಲಿಗಿ, ಮುನಿರಾಬಾದ್, ಸುಮಾರು 30. ಇವು ರಸ್ತೆಯ ಅಂತರ. ದಂಡೆ ಹಿಡಿದರೆ ಇನ್ನೂ ಹೆಚ್ಚು, ಏಕೆಂದರೆ ಕಾಲುವೆ ನೇರ ಹೋಗುವುದಿಲ್ಲ. ನೆಲದ ಮಟ್ಟ ಕಾಯ್ದುಕೊಂಡು ಪ್ರತಿ ದಿನ್ನೆಯನ್ನೂ ಸುತ್ತಿಕೊಂಡು ಹೋಗುತ್ತದೆ. ಮೊಬೈಲಿನ ಉಪಗ್ರಹ ಚಿತ್ರದಲ್ಲಿ ದಂಡೆಯ ಮೇಲೆಯೇ ಬೆರಳಾಡಿಸಿ ಅಳೆದುಕೊಳ್ಳಿ.

ಉದ್ದಕ್ಕೂ ದಂಡೆ ಸಿಗುವುದಿಲ್ಲ. ಆನೆಗೊಂದಿ ಸೀಮೆಯ ಬಂಡೆಗುಡ್ಡಗಳ ನಡುವೆ ಕಾಲುವೆ ಪಾಪಯ್ಯ ಸುರಂಗದೊಳಗೆ ಹೊಕ್ಕುತ್ತದೆ. ಅಲ್ಲಿ ದಂಡೆಯ ಆಸೆ ಬಿಟ್ಟು ಊರ ರಸ್ತೆ ಹಿಡಿಯಬೇಕು. ಬೇರೆ ಕಡೆಯೂ ಒಂದು ದಂಡೆ ಜಾಲಿಯಿಂದ ಮುಚ್ಚಿದ್ದರೆ ಅದರಲ್ಲೇ ನುಗ್ಗದೆ ಹಿಂದಿನ ಸೇತುವೆಗೆ ಮರಳಿ ಎದುರು ದಂಡೆಗೆ ದಾಟಿ. ತೂಬಿನ ತೊಲೆಯ ಮೇಲೆ ಸೈಕಲ್ ಹೊತ್ತು ದಾಟುವ ಸಾಹಸ ಬೇಡ.

ದಿಕ್ಕು ತಪ್ಪಿದರೆ ಸುಲಭದ ಉಪಾಯವಿದೆ. ನೀರು ಹರಿಯುವ ಕಡೆಗೆ ಮುಖ ಮಾಡಿ ನಿಲ್ಲಿ. ಬಲಗೈ ಬದಿ ತಗ್ಗಿನಲ್ಲಿ ಭತ್ತದ ಗದ್ದೆ, ಅದರಾಚೆ ಹೊಳೆ. ಎಡಗೈ ಬದಿ ಎತ್ತರದಲ್ಲಿ ಜೋಳ, ಕುರುಚಲು, ಕಲ್ಲು. ನೀರು ಏರುವುದಿಲ್ಲವಲ್ಲ, ಹಾಗಾಗಿ ಹಸಿರು ಯಾವಾಗಲೂ ಕಾಲುವೆಯ ಕೆಳಗಿನ ಬದಿಗೇ. ದಾರಿ ಕೇಳುವಾಗ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. 227 ಕಿ.ಮೀ. ಉದ್ದದ ಈ ಕಾಲುವೆಯನ್ನು ಜನ ಇಂದಿಗೂ ಮೈಲಿನಲ್ಲೇ ಗುರುತಿಸುತ್ತಾರೆ. ‘69ನೇ ಮೈಲ್’ ಎಂದರೆ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಿಸುವ ಜಗಳ ಗೊತ್ತಿರುವ ಎಲ್ಲರಿಗೂ ಗೊತ್ತು. ಉಪಕಾಲುವೆಗೂ ನಂಬರೇ ಹೆಸರು.

ಕೊನೆಗೆ ಒಂದು ಎಚ್ಚರಿಕೆ. ಕಾಂಕ್ರೀಟ್ ಹೊದಿಸಿದ ಇಳಿಜಾರಿನಲ್ಲಿ ಪಾಚಿ ಹಿಡಿದಿರುತ್ತದೆ. ಕೈಕಾಲು ತೊಳೆಯಲು ಇಳಿದವರು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ, ಹರಿವಿನ ಎಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಮೆಟ್ಟಿಲು ಕಟ್ಟಿದ ಕಡೆ ಬಿಟ್ಟು ಎಲ್ಲಿಯೂ ನೀರಿಗಿಳಿಯಬೇಡಿ. ಸೈಕಲ್ಲನ್ನು ನೀರಿನ ಕಡೆಯ ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲೇ ಓಡಿಸಿ. ಮಳೆಗೆ ಅಂಚಿನ ಮಣ್ಣು ಒಳಗೆ ಪೊಳ್ಳಾಗಿರುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಹೋದ ತಿಂಗಳು ಕಾಲುವೆ ಮೇಲೆ ಹೋಗುವಾಗ ಕಾವಲಿನವರು ತಡೆದು ವಾಪಸ್ ಕಳಿಸಿದರು. ಸೈಕಲ್ಲಿಗೂ ಅನುಮತಿ ಬೇಕೇ?
– ಕಾರಟಗಿಯ ಓದುಗರು

ಉತ್ತರ: ತಡೆದವರದ್ದು ತಪ್ಪೇನಿಲ್ಲ. ಕೊನೆ ಭಾಗದ ರೈತರಿಗೆ ನೀರು ಮುಟ್ಟಲೆಂದು, ಅಕ್ರಮ ಪಂಪ್‌ಸೆಟ್ ತಡೆಯಲು, ನೀರು ಹರಿಯುವ ಕಾಲದಲ್ಲಿ ಜಿಲ್ಲಾಡಳಿತ ಕಾಲುವೆಯ ಅಕ್ಕಪಕ್ಕ ನಿಷೇಧಾಜ್ಞೆ ಹಾಕುವುದುಂಟು. ಆಗ ಗುಂಪಾಗಿ ದಂಡೆ ಮೇಲೆ ಹೋದರೆ ಕೇಳಿಯೇ ಕೇಳುತ್ತಾರೆ. ಹೊರಡುವ ವಾರ ಆ ಭಾಗದ ನೀರಾವರಿ ನಿಗಮದ ಉಪವಿಭಾಗದ ಕಚೇರಿಗೆ ಹೋಗಿ, ದಿನಾಂಕ, ಜನರ ಸಂಖ್ಯೆ, ಎಲ್ಲಿಂದ ಎಲ್ಲಿಗೆ ಎಂದು ಬರೆದು ಒಂದು ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಗೇಟು, ತೂಬು, ನೀರಿನ ಮಟ್ಟ ಅಳೆಯುವ ಗೇಜ್ ಹತ್ತಿರ ಫೋಟೊ ತೆಗೆಯುತ್ತ ನಿಲ್ಲಬೇಡಿ. ಹೋಗಬೇಡಿ ಎಂದರೆ ವಾದ ಬೇಡ. ಕೆಳಗಿನ ಕ್ಯಾಂಪ್ (ಕಾಲುವೆ ಸೀಮೆಯ ರೈತರ ವಸತಿ) ರಸ್ತೆಗಳು ಕಾಲುವೆಗೆ ಹತ್ತಿರವೇ ಇರುತ್ತವೆ, ಅಲ್ಲಿ ಚಹಾ ಅಂಗಡಿಯೂ ಸಿಗುತ್ತದೆ.

ಪ್ರಶ್ನೆ: ಕನಕಗಿರಿ ಕಡೆ ಒಂದೇ ದಿನ ನಾಲ್ಕು ಸಲ ಪಂಕ್ಚರ್. ಟೈರ್ ಹೊಸದು. ಟ್ಯೂಬ್ ಬದಲಿಸಿದ ಹತ್ತೇ ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತದೆ. ಏನು ಮಾಡುವುದು?
– ಡಿಪ್ಲೊಮಾ ವಿದ್ಯಾರ್ಥಿ, ಗಂಗಾವತಿ

ಉತ್ತರ: ನಾಲ್ಕು ಮುಳ್ಳು ಇರಲಿಕ್ಕಿಲ್ಲ, ಒಂದೇ ಮುಳ್ಳು ನಾಲ್ಕು ಸಲ. ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೆ ಹೊಕ್ಕು ಹೊರಗಿನ ತುದಿ ಮುರಿದುಹೋಗುತ್ತದೆ. ಮೇಲೆ ನೋಡಿದರೆ ಏನೂ ಇಲ್ಲ. ಒಳಗೆ ಮಾತ್ರ ಎರಡು ಮಿಲಿಮೀಟರ್ ಮೊನೆ ಉಳಿದಿರುತ್ತದೆ, ಗಾಳಿ ಕಡಿಮೆಯಿದ್ದಾಗ ಸುಮ್ಮನಿದ್ದು, ತುಂಬಿದ ಕೂಡಲೇ ಹೊಸ ಟ್ಯೂಬಿಗೆ ಚುಚ್ಚುತ್ತದೆ.

ಟೈರ್ ಬಿಚ್ಚುವ ಮೊದಲೇ ವಾಲ್ವ್ ಎದುರಿಗೆ ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಟ್ಯೂಬಿನಲ್ಲಿ ತೂತು ಸಿಕ್ಕ ಮೇಲೆ ಅದು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲಿ ಗುರುತಿನಿಂದ ಅಷ್ಟೇ ದೂರ ಎರಡೂ ಕಡೆ ಹುಡುಕಿ. ಬೆರಳಾಡಿಸಬೇಡಿ, ಬೆರಳೇ ಹರಿಯುತ್ತದೆ. ಹತ್ತಿ ಅಥವಾ ಹಳೆ ಬನಿಯನ್ ಚೂರನ್ನು ಟೈರಿನ ಒಳಮೈಗೆ ಒತ್ತಿ ಸುತ್ತ ಎಳೆಯಿರಿ. ಮೊನೆ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಟೈರನ್ನು ಆ ಜಾಗದಲ್ಲಿ ಹಿಂದಕ್ಕೆ ಬಗ್ಗಿಸಿ, ಒಳಗಿನಿಂದ ಚಿಮಟದಲ್ಲಿ ಕೀಳಿ. ಬರದಿದ್ದರೆ ಸೂಜಿಯಿಂದ ಹೊರಕ್ಕೆ ತಳ್ಳಿ. ನೆಗ್ಗಿಲು ಮುಳ್ಳಾದರೆ ಹೊರಗೇ ಕಾಣುತ್ತದೆ, ಕೀಳುವುದು ಸುಲಭ. ಆದರೆ ಒಂದಿದ್ದ ಕಡೆ ಹತ್ತಿರುತ್ತವೆ, ಎರಡೂ ಗಾಲಿ ಪೂರ್ತಿ ತಿರುಗಿಸಿ ನೋಡಿ.

ಪ್ಯಾಚ್ ಹಚ್ಚುವಾಗ ಹೆಚ್ಚಿನವರು ಮಾಡುವ ತಪ್ಪು ಅವಸರ. ಉಜ್ಜುಕಾಗದದಿಂದ ಪ್ಯಾಚಿಗಿಂತ ಒಂದು ಬೆರಳು ಅಗಲಕ್ಕೆ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಐದು ನಿಮಿಷ ಬಿಡಿ. ಮುಟ್ಟಿದರೆ ಬೆರಳಿಗೆ ಅಂಟಬಾರದು. ಹಸಿಯಿರುವಾಗಲೇ ಒತ್ತಿದ ಪ್ಯಾಚ್ ಮಧ್ಯಾಹ್ನದ ಬಿಸಿಲಿಗೆ ಟ್ಯೂಬ್ ಕಾದಾಗ ಅಂಚಿನಿಂದ ಎದ್ದೇಳುತ್ತದೆ. ಆಗ ಜನ ಪ್ಯಾಚ್ ಕಂಪನಿಯನ್ನು ಬೈಯುತ್ತಾರೆ.

ಮುಂದೆ ಹೀಗಾಗದಿರಲು: 40 ಮಿ.ಮೀ. ಟೈರಿನ ಟ್ಯೂಬಿಗೆ 60ರಿಂದ 90 ಮಿ.ಲೀ. ಸೀಲೆಂಟ್ (ಸಣ್ಣ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ) ಹಾಕಿಸಿ. ವಾಲ್ವಿನ ಒಳತಿರುಳು ಬಿಚ್ಚಲು ಬರುವಂಥ ಟ್ಯೂಬ್ ಬೇಕು. ನಮ್ಮ ಬಿಸಿಲಿಗೆ ಅದು ಬೇಗ ಗಟ್ಟಿಯಾಗುತ್ತದೆ. ಎರಡು ತಿಂಗಳಿಗೊಮ್ಮೆ ಗಾಲಿ ಅಲುಗಿಸಿ ಕೇಳಿ, ಒಳಗೆ ತುಳುಕುವ ಸದ್ದು ಬರದಿದ್ದರೆ ಮತ್ತೆ ಹಾಕಿ. ವಾಲ್ವ್ ವಿಷಯದಲ್ಲೂ ಒಂದು ಮಾತು. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ನೋಡಿದರೆ ಹಳ್ಳಿಯ ಪಂಕ್ಚರ್ ಅಂಗಡಿಯವರು ಕೈಚೆಲ್ಲುತ್ತಾರೆ. ಬೈಕಿನಂಥ ಷ್ರೇಡರ್ ವಾಲ್ವೇ ಇರಲಿ, ಇಲ್ಲವೇ ಹಿತ್ತಾಳೆಯ ಅಡಾಪ್ಟರ್ ಎರಡು ಜೊತೆಗಿರಲಿ. ಲಾರಿಯ ಕಂಪ್ರೆಸರಿನಿಂದ ಗಾಳಿ ಹಾಕಿಸುವಾಗ ಒಂದೊಂದೇ ಸೆಕೆಂಡು ಕೊಟ್ಟು ಒತ್ತಿ ನೋಡಿ. ಸೈಕಲ್ ಟ್ಯೂಬ್ ಕಣ್ಣು ಮಿಟುಕಿಸುವುದರಲ್ಲಿ ಒಡೆಯುತ್ತದೆ. 75 ಕೆ.ಜಿ. ಸವಾರ, 12 ಕೆ.ಜಿ. ಸಾಮಾನು ಇದ್ದರೆ ಡಾಂಬರಿಗೆ ಗಾಳಿಯ ಒತ್ತಡ ಹಿಂದೆ 50, ಮುಂದೆ 42 ಪಿಎಸ್‌ಐ. ಗರಸು ಹಾದಿಗೆ ತಲಾ ಎಂಟು ಕಡಿಮೆ.

ಪ್ರಶ್ನೆ: ಅಪ್ಪನ ಹಳೆ ಸಾದಾ ಸೈಕಲ್ ಇದೆ, ಗೇರಿಲ್ಲ. ಅದರಲ್ಲೇ ಕಾಲುವೆ ಗುಂಟ ಹೋಗಬಹುದೇ, ಹೊಸದೇ ಬೇಕೇ?
– ಶ್ರೀರಾಮನಗರ

ಉತ್ತರ: ಧಾರಾಳವಾಗಿ ಹೋಗಬಹುದು. ಸಮತಟ್ಟಿನ ದಂಡೆಗೆ ಅದಕ್ಕಿಂತ ಗಟ್ಟಿ ಸೈಕಲ್ ಇಲ್ಲ. ಹಿಂದಿನ ಗಾಲಿಗೆ 40 ಕಡ್ಡಿ, 28×1½ ಟೈರು. ಎರಡೂ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲು ಇರುತ್ತದೆ. ಸಾಮಾನು ಹೇರಿ ಎದುರುಗಾಳಿಗೆ ತುಳಿಯಲು ಅದು ಭಾರ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿ, ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಿ. ಪೆಡಲ್ ಕೋಲನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಎರಡೂ ಹೊಸದಾಗಿರಲಿ. ಗುಡ್ಡ ಇಳಿಯಲು ಮಾತ್ರ ಇದನ್ನು ಒಯ್ಯಬೇಡಿ: ಕಡ್ಡಿ ಬ್ರೇಕು, ಉಕ್ಕಿನ ರಿಮ್ಮು, ಮೇಲೆ ಒಂದು ಹನಿ ಮಳೆ ಬಿದ್ದರೂ ಬ್ರೇಕ್ ಇದ್ದೂ ಇಲ್ಲದಂತೆ.

ಪ್ರಶ್ನೆ: ಸಂಡೂರಿನಿಂದ ಕುಮಾರಸ್ವಾಮಿ ಗುಡ್ಡ ಹತ್ತುವಾಗ ಅರ್ಧದಲ್ಲೇ ಇಳಿದು ತಳ್ಳಬೇಕಾಯಿತು. ಮುಂದೆ ಒಂದೇ ಚೈನ್ ವೀಲ್, 48 ಹಲ್ಲು. ಹಿಂದೆ 7 ಗೇರ್, ದೊಡ್ಡದು 28. ದಿನಾ 30 ಕಿ.ಮೀ. ತುಳಿಯುವವನು ನಾನು, ಕಾಲಿನಲ್ಲಿ ಶಕ್ತಿ ಇಲ್ಲವೆಂದಲ್ಲ. ಬೇರೆ ಏನು ಕಾರಣ?
– ಬಳ್ಳಾರಿಯ ಓದುಗರು

ಉತ್ತರ: ಕಾಲಿನದಲ್ಲ, ಹಲ್ಲಿನ ಲೆಕ್ಕ. 48ನ್ನು 28ರಿಂದ ಭಾಗಿಸಿದರೆ 1.71. ಗಾಲಿಯ ಸುತ್ತಳತೆ ಸುಮಾರು 2.18 ಮೀಟರ್. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 3.7 ಮೀಟರ್ ಹೋಗಬೇಕು. ನಿಮಿಷಕ್ಕೆ 60 ಸುತ್ತಿನಂತೆ ತುಳಿದರೆ ಗಂಟೆಗೆ 13 ಕಿ.ಮೀ. ಮೇಲೆ. ಶೇ 7ರ ಏರಿನಲ್ಲಿ, ನೀವು–ಸೈಕಲ್–ಸಾಮಾನು ಸೇರಿ 90 ಕೆ.ಜಿ. ಎಂದರೆ, ಆ ವೇಗ ಕಾಯ್ದುಕೊಳ್ಳಲು ಬರೀ ಏರಿಗೇ 230 ವ್ಯಾಟ್ ಬೇಕು. ತಾಸುಗಟ್ಟಲೆ ತುಳಿಯುವ ಸಾಮಾನ್ಯ ಸವಾರನಿಗೆ 120–150 ದಾಟುವುದು ಕಷ್ಟ. ಕೊಡಲಾಗದಿದ್ದಾಗ ಸುತ್ತು 35ಕ್ಕೆ, 30ಕ್ಕೆ ಇಳಿಯುತ್ತದೆ, ಇಡೀ ಭಾರ ಮೊಣಕಾಲ ಚಿಪ್ಪಿಗೆ ಬೀಳುತ್ತದೆ, ಆಮೇಲೆ ಇಳಿಯುವುದೊಂದೇ ದಾರಿ.

ಮುಂದೆ 28, ಹಿಂದೆ 32 ಹಲ್ಲು ಇದ್ದರೆ ಅದೇ ಏರನ್ನು ಗಂಟೆಗೆ 7 ಕಿ.ಮೀ.ಗೆ ಸ್ವಲ್ಪ ಕಡಿಮೆ ವೇಗದಲ್ಲಿ, ಅದೇ 60 ಸುತ್ತಿಗೆ, 120 ವ್ಯಾಟಿನೊಳಗೆ ಹತ್ತುತ್ತೀರಿ. ನಿಧಾನ ನಿಜ, ಆದರೆ ಸೀಟಿನ ಮೇಲೆ ಕೂತೇ ಹತ್ತುತ್ತೀರಿ.

ಕಡಿಮೆ ಖರ್ಚಿನ ದಾರಿ ಮೊದಲು. ನಿಮ್ಮದು ತಿರುಪಿನ ಫ್ರೀವೀಲ್ ಆಗಿದ್ದರೆ 7 ಗೇರಿನದೇ 14–34 ಹಲ್ಲಿನದು ಸಿಗುತ್ತದೆ. ಅದರಿಂದ 1.71 ಇಳಿದು 1.41 ಆಗುತ್ತದೆ. ಅಷ್ಟು ಸಾಕಾಗದಿದ್ದರೆ ಮುಂದಿನ ಕ್ರ್ಯಾಂಕ್ ಸಮೇತ 48–38–28ಕ್ಕೆ ಬದಲಿಸಿ. ಆಗ ಎಡಗೈ ಗೇರ್ ಲಿವರ್, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡಿರೈಲರ್, ಕೆಲವು ಚೌಕಟ್ಟಿಗೆ ಕ್ರ್ಯಾಂಕ್ ತಿರುಗುವ ಬಾಟಮ್ ಬ್ರ್ಯಾಕೆಟ್ ದಂಡವೂ ಬದಲಾಗಬೇಕು. ಹಿಂದಿನ ಡಿರೈಲರ್ ಉದ್ದ ಪಂಜರದ್ದೇ ಬೇಕು. ಮುಂದಿನ ವ್ಯತ್ಯಾಸ 20, ಹಿಂದಿನದು 14–34ಕ್ಕೆ 20, ಒಟ್ಟು 40 ಹಲ್ಲಿನಷ್ಟು ಚೈನಿನ ಸಡಿಲನ್ನು ಅದು ಎಳೆದುಕೊಳ್ಳಬೇಕು. ಚೈನ್ ಉದ್ದ ಅಳೆಯುವ ಬಗೆ: ಡಿರೈಲರಿನೊಳಗೆ ಪೋಣಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಗೆ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಅಂಗಡಿಯವರು ಹಳೆ ಚೈನನ್ನೇ ಹಾಕಿ ಕಳಿಸಿದರೆ ದೊಡ್ಡದಕ್ಕೆ ದೊಡ್ಡದು ಬಿದ್ದ ಕ್ಷಣ ಡಿರೈಲರನ್ನು ಚೌಕಟ್ಟಿಗೆ ಹಿಡಿದಿಡುವ ಕಿವಿ ಮುರಿದು ಅದು ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಗುಡ್ಡದ ನಡುವೆ ಆಗಬಾರದ ಅಪಘಾತವೆಂದರೆ ಇದೇ.

ಇಳಿಯುವ ಮಾತು ನೀವು ಕೇಳಿಲ್ಲ, ಆದರೂ. ಸಂಡೂರು ಸೀಮೆಯ ಕೆಂಪು ದೂಳು ಬರೀ ಮಣ್ಣಲ್ಲ, ಅದಿರಿನ ಪುಡಿ; ಉಜ್ಜುಕಾಗದದಷ್ಟೇ ಒರಟು. ಬ್ರೇಕ್ ರಬ್ಬರಿನೊಳಗೆ ಹೊಕ್ಕು ಅಲ್ಯೂಮಿನಿಯಂ ರಿಮ್ಮನ್ನು ಗೀರುತ್ತದೆ. ಮೇಲೆ ತಲುಪಿದ ಕೂಡಲೇ ರಿಮ್ಮಿಗೆ ಒಂದು ಲೋಟ ನೀರು ಸುರಿದು ಬಟ್ಟೆಯಲ್ಲಿ ಒರೆಸಿ, ರಬ್ಬರಿನಲ್ಲಿ ಹೊಳೆಯುವ ಚುಕ್ಕೆಗಳಿದ್ದರೆ ಪಿನ್ನಿನಿಂದ ಎಬ್ಬಿಸಿ ತೆಗೆಯಿರಿ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಬರಬೇಡಿ, ರಿಮ್ ಕಾದು ಟ್ಯೂಬ್ ಒಡೆಯುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಇನ್ನು ತೋರಣಗಲ್ಲು–ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ನಿಮಗೆ ಗೊತ್ತೇ ಇದೆ. ಆ ತುಂಡನ್ನು ಬೆಳಗಾಗುತ್ತಲೇ ಮುಗಿಸಿ, ಅಥವಾ ಸೈಕಲ್ಲನ್ನು ವಾಹನಕ್ಕೆ ಹಾಕಿ ಸಂಡೂರಿಗೆ ಒಯ್ದು ಅಲ್ಲಿಂದ ಶುರುಮಾಡಿ. ಅದಕ್ಕೆ ನಾಚಿಕೆಪಡಬೇಕಿಲ್ಲ.

ಪ್ರಶ್ನೆ: ಹಿಂದಿನ ಗಾಲಿಯ ಕಡ್ಡಿಗಳು ಪದೇ ಪದೇ ಮುರಿಯುತ್ತವೆ, ಅದೂ ಚೈನ್ ಬದಿಯವೇ. ನಡುದಾರಿಯಲ್ಲಿ ಮುರಿದರೆ ಊರು ಮುಟ್ಟುವುದು ಹೇಗೆ?
– ಮಾನ್ವಿ

ಉತ್ತರ: ಗೇರ್ ಸೈಕಲ್ಲಿನಲ್ಲಿ ಫ್ರೀವೀಲಿಗೆ ಜಾಗ ಬಿಡಲು ಬಲಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು, ಎಡಕ್ಕಿಂತ ಹೆಚ್ಚು ಬಿಗಿ ಇರುತ್ತವೆ. ಸಾಮಾನೆಲ್ಲ ಹಿಂದೆಯೇ ಹೇರಿದರೆ ಪ್ರತಿ ಸುತ್ತಿಗೂ ಕಡ್ಡಿಯ ಬಿಗಿ ಏರಿಳಿದು, ಗಾಲಿಯ ನಡುವಿನ ಹಬ್ಬಿನ ಹತ್ತಿರ ಬಾಗಿದ ಕತ್ತಿನಲ್ಲಿ ಲೋಹ ದಣಿದು ಕಿತ್ತುಬರುತ್ತದೆ. ಎರಡನೆಯದು ಮುರಿಯಿತೆಂದರೆ ಮೂರನೆಯದಕ್ಕೆ ಕಾಯಬೇಡಿ. ಆ ಬದಿಯ ಅಷ್ಟೂ ಕಡ್ಡಿಗಳನ್ನು 14 ಗೇಜಿನ ಸ್ಟೇನ್‌ಲೆಸ್ ಕಡ್ಡಿಗೆ ಬದಲಿಸಿ, ಬಿಗಿ ಸಮ ಮಾಡಿಸಿ. ಒಂದೊಂದೇ ಬದಲಿಸುವುದು ದುಡ್ಡು ಉಳಿಸಿದಂತೆ ಕಾಣುತ್ತದೆ, ಅಷ್ಟೇ.

ದಾರಿಯಲ್ಲಿ ಮುರಿದಾಗ: ಮುರಿದ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪು ಹಾಕಿ, ಗೇರಿಗೆ ಸಿಕ್ಕಬಾರದು. ರಿಮ್ ಬ್ರೇಕ್ ಆಗಿದ್ದರೆ ಬಾಯಿ ಅಗಲಿಸಿ. ಬಲಬದಿಯದು ಮುರಿದರೆ ರಿಮ್ ಎಡಕ್ಕೆ ಎಳೆಯುತ್ತದೆ. ಮುರಿದ ಕಡ್ಡಿಯ ತೂತಿನ ಎರಡೂ ಪಕ್ಕದ ಎಡಬದಿ ಕಡ್ಡಿಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ, ಚೌಕಟ್ಟಿಗೆ ತಾಗದಷ್ಟು ನೆಟ್ಟಗಾದರೆ ಸಾಕು. ಸಾಮಾನಿನ ಅರ್ಧ ಮುಂದಿನ ಗಾಲಿಗೋ ಗೆಳೆಯನ ಸೈಕಲ್ಲಿಗೋ ಹೋಗಲಿ. ಪೂರ್ತಿ ರಿಪೇರಿಗೆ ಫ್ರೀವೀಲ್ ಬಿಚ್ಚಲೇಬೇಕು. ಅದರ ರಿಮೂವರ್ ನಿಮ್ಮ ಕೈಯಲ್ಲೇ ಇರಲಿ, ಪ್ರತಿ ಕಂಪನಿಗೂ ಅದರ ಬಾಯಿ ಬೇರೆ. ಅದನ್ನು ತಿರುಗಿಸುವ ದೊಡ್ಡ ಸ್ಪ್ಯಾನರನ್ನು ಹೊತ್ತು ತಿರುಗಬೇಕಿಲ್ಲ. ಯಾವ ಕ್ಯಾಂಪಿನಲ್ಲಾದರೂ ಟ್ರ್ಯಾಕ್ಟರ್ ಮೆಕ್ಯಾನಿಕ್ ಹತ್ತಿರ ಇದ್ದೇ ಇರುತ್ತದೆ. ಎಡ, ಬಲ ಎರಡೂ ಅಳತೆಯ ಮೂರು ಮೂರು ಕಡ್ಡಿ ಚೌಕಟ್ಟಿನ ಕೊಳವೆಗೆ ಟೇಪಿನಿಂದ ಅಂಟಿಸಿಕೊಳ್ಳಿ, ಎರಡರ ಉದ್ದ ಒಂದೇ ಅಲ್ಲ.

ಪ್ರಶ್ನೆ: ನಾವಿಬ್ಬರು ಅಕ್ಕ–ತಂಗಿ, ಗಂಗಾವತಿಯಲ್ಲಿ ಉಳಿದುಕೊಂಡು ಹಿರೇಬೆಣಕಲ್, ಆನೆಗೊಂದಿ, ಸಾಣಾಪುರ ನೋಡಬೇಕೆಂದಿದ್ದೇವೆ. ನೀರು, ಊಟ, ಹೊತ್ತು, ಇವನ್ನು ಹೇಗೆ ಹೊಂದಿಸುವುದು?
– ರಾಯಚೂರು

ಉತ್ತರ: ಒಂದು ದಿನ ಹಿರೇಬೆಣಕಲ್, ಇನ್ನೊಂದು ದಿನ ಆನೆಗೊಂದಿ–ಸಾಣಾಪುರ ಇಟ್ಟುಕೊಳ್ಳಿ, ಎರಡನ್ನೂ ಕೂಡಿಸಬೇಡಿ. ಹಿರೇಬೆಣಕಲ್ ಗಂಗಾವತಿಯಿಂದ ಸುಮಾರು 10 ಕಿ.ಮೀ. ಅಷ್ಟೇ, ಆದರೆ ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಕಲ್ಮನೆಗಳಿರುವ ಮೋರೇರ ಗುಡ್ಡಕ್ಕೆ ಸೈಕಲ್ ಹೋಗುವುದಿಲ್ಲ, ಬಂಡೆಗಳ ನಡುವೆ ನಡೆದೇ ಹತ್ತಬೇಕು. ಸೈಕಲ್ಲನ್ನು ಊರಲ್ಲಿ ಯಾರದಾದರೂ ಮನೆ ಮುಂದೆ ಕೇಳಿ ಬಿಡಿ, ಗುಡ್ಡದ ಬುಡದಲ್ಲಿ ಬೇಡ. ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ. ತಲಾ ಎರಡು ಲೀಟರ್ ನೀರು ಹೊತ್ತೊಯ್ಯಿರಿ, ಮೇಲೆ ನೆರಳು ಕಡಿಮೆ.

ಆನೆಗೊಂದಿ, ಸಾಣಾಪುರ ಕಡೆ ಬಂಡೆಗಳಲ್ಲಿ ಚಿರತೆ, ಕರಡಿ ಇವೆ. ಏಳರ ನಂತರ ಹೊರಟು ಸಂಜೆ ನಾಲ್ಕೂವರೆಗೆ ಗಂಗಾವತಿ ಮುಟ್ಟಿ. ಕಾಲುವೆ ನೀರು ತುಂಬಿಕೊಳ್ಳುವ ಸಾಣಾಪುರ ಕೆರೆ ಚೆಂದ ಎಂದು ಇಳಿಯಬೇಡಿ, ಅದೂ ಆಳ. ಹುಣ್ಣಿಮೆ, ಮಂಗಳವಾರ, ಶುಕ್ರವಾರ ಹುಲಿಗೆಮ್ಮನ ಗುಡಿಯಿರುವ ಹುಲಿಗಿ ಕಡೆ ಜನಸಾಗರ. ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದ ಭಕ್ತರು ಬರುವ ಹೊತ್ತಿಗೆ ಅಂಜನಾದ್ರಿ ರಸ್ತೆಯಲ್ಲಿ ಸೈಕಲ್ ತಳ್ಳಲೂ ಜಾಗವಿರುವುದಿಲ್ಲ. ಜನವರಿಯ ಗವಿಮಠದ ಜಾತ್ರೆಗೆ ಕೊಪ್ಪಳದಲ್ಲಿ ರೂಮು ಸಿಗುವುದಿಲ್ಲ.

ಬೆಳಗಿಗೆ ಒಗ್ಗರಣಿ–ಮಿರ್ಚಿ ಎಲ್ಲೆಡೆ ಸಿಗುತ್ತದೆ. ಒಗ್ಗರಣಿ ತಿನ್ನಿ, ಮಿರ್ಚಿ ಒಂದಕ್ಕೇ ನಿಲ್ಲಿಸಿ, ಎರಡನೆಯದು ಬಿಸಿಲಿನಲ್ಲಿ ಎದೆಯುರಿ ತರುತ್ತದೆ. ಜೇಬಿನಲ್ಲಿ ಶೇಂಗಾ ಚಿಕ್ಕಿ, ಬಾಳೆಹಣ್ಣು. ಚಳಿಗಾಲದಲ್ಲಿ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್, ಮಾರ್ಚ್ ನಂತರ ಒಂದು ಲೀಟರ್ ನೀರು ಬೇಕು. ಬೆವರು ಬಹಳ ಹೋದ ದಿನ ಬರೀ ನೀರು ಸಾಲದು: ಒಂದು ಲೀಟರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಾಟಲಿಯನ್ನು ಊರಿನ ಶುದ್ಧ ನೀರಿನ ಘಟಕದಲ್ಲೇ ತುಂಬಿಸಿ. ಕಾಲುವೆ ನೀರು ತಿಳಿಯಾಗಿ ಕಂಡರೂ ಕುಡಿಯಬೇಡಿ, ಗದ್ದೆಗೆ ಹೊಡೆದ ಔಷಧಿ ಬಸಿದು ಸೇರುವ ಸೀಮೆ ಇದು. ಔಷಧಿ ಹೊಡೆಯುತ್ತಿರುವ ಗದ್ದೆ ಕಂಡರೆ ಗಾಳಿಯ ದಿಕ್ಕು ನೋಡಿ ನಿಂತು, ಆಮೇಲೆ ಮುಂದಕ್ಕೆ ಹೋಗಿ. ಅಕ್ಕಿ ಗಿರಣಿ ಸಾಲಿನಲ್ಲಿ ಹೊಟ್ಟಿನ ಬೂದಿ ಹಾರುತ್ತದೆ, ಬಿಳಿ ಗಾಜಿನ ಕನ್ನಡಕ ಇರಲಿ.

ಪ್ರಶ್ನೆ: ವಾಪಸ್ ಬರುವಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಬಹುದೇ?
– ಲಿಂಗಸುಗೂರು

ಉತ್ತರ: ಮೇಲೆ ಕ್ಯಾರಿಯರ್ ಇರುವ ಸಾದಾ ಬಸ್ಸಾದರೆ ಕಂಡಕ್ಟರನ್ನು ಕೇಳಿ, ಲಗೇಜ್ ಟಿಕೆಟ್ ತೆಗೆಸಿ. ನಡುವಿನ ಸ್ಟಾಪಿನಲ್ಲಿ ಬಸ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬಸ್ ಹೊರಡುವ ಊರಿನ ನಿಲ್ದಾಣದಲ್ಲೇ ಹತ್ತಿಸಿ. ಡಿರೈಲರ್ ಇರುವ ಬಲಬದಿ ಮೇಲಕ್ಕಿರುವಂತೆ ಮಲಗಿಸಿ, ಮೂರು ಕಡೆ ಹಗ್ಗ ಕಟ್ಟಿ, ಕೆಳಗೆ ಗೊಬ್ಬರದ ಖಾಲಿ ಚೀಲ ಹಾಸಿ. ಹ್ಯಾಂಡಲ್ ತಿರುಗಿಸಿ ಚೌಕಟ್ಟಿಗೆ ಸಮವಾಗಿಸಿ. ಪೆಡಲ್ ಬಿಚ್ಚುವಾಗ ನೆನಪಿರಲಿ, ಎಡ ಪೆಡಲಿನ ತಿರುಪು ಉಲ್ಟಾ: ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಬಿಚ್ಚಿದ ಎರಡೂ ಪೆಡಲುಗಳನ್ನು ಸೈಕಲ್ಲಿಗೆ ಕಟ್ಟದೆ ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ.